ಎಂಟು ಸಾಲು ಕಬ್ಬು

ತೆಲಸಂಗದ ಮಡ್ಡಿಯಲ್ಲಿ ಹುಟ್ಟಿದವನಿಗೆ ನೀರು ಕಂಡರೆ ತಲೆ ತಿರುಗುತ್ತದೆ. ನನಗೂ ತಿರುಗಿತು. ಮಾವನವರಿಗೆ ವಯಸ್ಸಾಗಿ ಕೃಷ್ಣಾ ದಂಡೆಯ ಎರಡೆಕರೆ ಕಬ್ಬಿನ ಉಸ್ತುವಾರಿ ನನ್ನ ಪಾಲಿಗೆ ಬಂದಾಗ, ಮೊದಲು ಕಣ್ಣಿಗೆ ಬಿದ್ದದ್ದು ಕಬ್ಬಿಗೂ ಹೊಳೆಗೂ ನಡುವೆ ಕರಿಜಾಲಿ, ಹೊಂಗೆ, ಲಕ್ಕಿ, ಆಪು ಬೆಳೆದು ನಿಂತ ಪಟ್ಟಿ. ನಮ್ಮೂರಲ್ಲಿ ಬೋರಿನ ಮೇಲೆ ಬೋರು ಕೊರೆಸಿ ಸಾಲಗಾರರಾಗುತ್ತಾರೆ. ಇಲ್ಲಿ ಹೊಳೆಯ ಮಗ್ಗುಲಲ್ಲೇ ಇಷ್ಟು ನೆಲ ಬೀಳು ಬಿದ್ದಿದೆಯಲ್ಲ ಎಂದು ಹೊಟ್ಟೆ ಉರಿಯಿತು.

“ಅಳಿಯಂದ್ರ, ಅದನ್ನ ಮುಟ್ಟಬ್ಯಾಡ್ರಿ,” ಅಂದರು ಮಾವ.

“ಯಾಕ್ರೀ ಮಾವಾರ?”

“ನಮ್ಮಪ್ಪಾನೂ ಮುಟ್ಟಿಲ್ಲ.”

ಡಿಗ್ರಿ ಓದಿದವನಿಗೆ ಅದೂ ಒಂದು ಕಾರಣವೇ? 2018ರ ಬೇಸಿಗೆಯಲ್ಲಿ ಜೆಸಿಬಿ ತರಿಸಿ ನೀರಿನ ಅಂಚಿನವರೆಗೂ ಬಳಿಸಿದೆ. ಎಂಟು ಸಾಲು ಕಬ್ಬು ಹೆಚ್ಚಾಯಿತು. ತೆಲಸಂಗದ ಚಹಾದಂಗಡಿಯಲ್ಲಿ ಆ ಎಂಟು ಸಾಲಿನ ಕಥೆಯನ್ನು ಎಷ್ಟು ಸಲ ಹೇಳಿದೆನೋ! ಹೊಸ ಸಾಲು ಸೊಂಪಾಗಲೆಂದು ಯೂರಿಯಾ ಕೈಬಿಚ್ಚಿ ಚೆಲ್ಲಿದೆ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ. ಬೆಳೆ ಉಣ್ಣುವುದು ಬಹಳವೆಂದರೆ ಅದರ ಅರ್ಧ. ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿಕೊಳ್ಳಲೇ ಇಲ್ಲ.

2019ರ ಮೇ ತಿಂಗಳಲ್ಲಿ ಗೊತ್ತಾಯಿತು. ಕೃಷ್ಣೆ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿಸಿ ಎಂದು ಜನ ರಸ್ತೆಗಿಳಿದಿದ್ದ ವರ್ಷ ಅದು. ನಮ್ಮ ಹೊಲದ ಕೆಳಗೆ ಒಂದು ಮಡು ಉಳಿದಿತ್ತು. ಎಮ್ಮೆ ಮೂಗು ಹಚ್ಚಿ, ಪುಸ್ಸೆಂದು ಉಸಿರುಬಿಟ್ಟು ಹಿಂದೆ ಸರಿಯಿತು. ಮಾವ ಬಗ್ಗಿ ಕೈಯದ್ದಿ, ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಬೆರಳ ಸಂದಿಯಿಂದ ಹಸಿರು ಪಾಚಿ ಲೋಳೆಯಾಗಿ ಇಳಿಯುತ್ತಿತ್ತು.

“ನಿಮ್ಮ ಸರಕಾರಿ ಗೊಬ್ಬರ ಛಲೋ ಬೆಳದೈತಿ ನೋಡ್ರಿ,” ಅಂದರು.

ದಂಡೆಯ ಜಾಲಿ ಉಳಿಸಿಕೊಂಡಿದ್ದ ಪಕ್ಕದವರ ಮಡುವಿಗೆ ಎಮ್ಮೆ ಹೊಡೆದುಕೊಂಡು ಹೋದೆ. ಅವರು ಕೂರಿಸಿ ಚಹಾ ಕೊಟ್ಟರು. ಅದು ಗಂಟಲಲ್ಲಿ ಇಳಿಯಲಿಲ್ಲ.

ಆಗಸ್ಟಿನಲ್ಲಿ ಅದೇ ಹೊಳೆ ಹೊಲದೊಳಗೇ ಬಂತು. ನೀರಿಳಿದ ಮೇಲೆ ನೋಡಿದರೆ ಎಂಟು ಸಾಲೂ ಇಲ್ಲ, ಅದರ ಹಿಂದಿನ ನಾಲ್ಕೂ ಇಲ್ಲ. ದಂಡೆಯ ಮಣ್ಣೇ ಕುಸಿದು ಹೋಗಿತ್ತು. ಪಕ್ಕದವರ ಜಾಲಿ ಬಾಗಿದ್ದರೂ ಬುಡದಲ್ಲಿ ಮೊಣಕಾಲುದ್ದ ರೇವೆ ಹಿಡಿದು ನಿಂತಿತ್ತು.

ಮಣ್ಣಿನ ಶಾಸ್ತ್ರ ಓದಿದ ಗೆಳೆಯನೊಬ್ಬ ಆಮೇಲೆ ಬಿಡಿಸಿ ಹೇಳಿದ. ಹೊಲದಿಂದ ಬಸಿದ ಸಾರಜನಕವನ್ನು ದಂಡೆಯ ಬೇರುಗಳು ಒಂದಷ್ಟು ಹೀರುತ್ತವೆ. ಎಲೆ ಕೊಳೆತ ಹಸಿ ಕೆಸರಿನಲ್ಲಿ, ಗಾಳಿಯಾಡದ ಕಡೆ, ಸೂಕ್ಷ್ಮಜೀವಿಗಳು ಇನ್ನೊಂದಷ್ಟನ್ನು ಅನಿಲ ಮಾಡಿ ಆಕಾಶಕ್ಕೆ ಮರಳಿಸುತ್ತವೆ. ರಂಜಕ ಬರುವುದು ಮಣ್ಣಿನ ಕಣಕ್ಕೆ ಅಂಟಿಕೊಂಡು. ರೇವೆ ನಿಂತರೆ ಅದೂ ನಿಂತಿತು. ಮೇನಲ್ಲಿ ಬಿರುಕು, ಆಗಸ್ಟಿನಲ್ಲಿ ಮಹಾಪೂರ ಎಂಬಂತಾದ ಈ ಕಾಲದಲ್ಲಿ ಆ ಲೆಕ್ಕವೂ ತಪ್ಪುತ್ತಿದೆ. ಬಿರಿದ ಮಣ್ಣು ನೆನೆದೊಡನೆ ಕೂಡಿಟ್ಟದ್ದರಲ್ಲಿ ಒಂದಷ್ಟನ್ನು ಒಮ್ಮೆಲೇ ಬಿಡುತ್ತದೆ. ಜೀವಿಗಳ ಕೆಲಸ ಅರ್ಧಕ್ಕೆ ನಿಂತರೆ ಹೊರಬರುವುದು ನೈಟ್ರಸ್ ಆಕ್ಸೈಡ್; ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ.

ಕೇಳುತ್ತ ಕೂತವನಿಗೆ ಅಪ್ಪ ನೆನಪಾದ. ಮಡ್ಡಿ ಹೊಲದ ಬದುವಿನ ಹುಲ್ಲು ಕಿತ್ತರೆ ಬೆನ್ನಿಗೆ ಬಾರಕೋಲು ಬೀಳುತ್ತಿತ್ತು. “ಬದು ಹ್ವಾದ್ರ ಹೊಲದ ಕಸುವು ಹ್ವಾದಂಗ,” ಅನ್ನುತ್ತಿದ್ದ. ಆ ಏಟು ತಿಂದು ಬೆಳೆದವನೇ ಹೊಳೆಯ ಬದುವಿಗೆ ಜೆಸಿಬಿ ಹಚ್ಚಿದ್ದೆ. ಓದಿ ಕಲಿಯಬೇಕಾದ್ದೇನೂ ಇರಲಿಲ್ಲ.

ಈಗ ಅಲ್ಲಿ ಹೊಂಗೆ, ಜಾಲಿ ಹಚ್ಚಿದ್ದೇನೆ. ಮೊದಲು ಹಚ್ಚಿದವು 2021ರ ನೆರೆಗೆ ಹೋದವು, ಮತ್ತೆ ಹಚ್ಚಿದೆ. “ಹೊಳಿ ದಂಡಿಗೆ ಈ ಸಲ ಏನ್ ಹಾಕೀದಿಯೋ?” ಎಂದು ತೆಲಸಂಗದ ಚಹಾದಂಗಡಿಯಲ್ಲಿ ಕೇಳುತ್ತಾರೆ. “ಜಾಲಿ,” ಅನ್ನುತ್ತೇನೆ. ಬೇಡವೆಂದರೂ ಜಾಲಿ ಬೆಳೆಯುವ ಊರು ನಮ್ಮದು. ನಗು ನಿಲ್ಲುವುದೇ ಇಲ್ಲ. ನಾನೂ ನಕ್ಕು, ಎಲ್ಲರ ಚಹಾದ ರೊಕ್ಕ ಕೊಟ್ಟು ಎದ್ದು ಬರುತ್ತೇನೆ.