ಮಿತ್ರರ ಬರಹ, ಮಿತ್ರರ ಅಂತರಂಗ

ಸ್ನೇಹವೆಂಬುದು ಬಹುಕಾಲದ ಒಡನಾಟದಿಂದ ಬಲಿಯತಕ್ಕದ್ದು. ಆದರೆ ಒಡನಾಟ ದೀರ್ಘವಾದ ಮಾತ್ರಕ್ಕೆ ಒಬ್ಬರನ್ನೊಬ್ಬರು ಸಂಪೂರ್ಣವಾಗಿ ಬಲ್ಲೆವೆಂದು ಹೇಳಲಾಗದು. ನಿತ್ಯದ ಮಾತುಕತೆ ಮಳೆ, ಬೆಳೆ, ಮಕ್ಕಳ ಮದುವೆ, ಪೇಟೆಯ ಧಾರಣೆ ಇವುಗಳ ಸುತ್ತಲೇ ಸುಳಿಯುತ್ತದೆ. ಕೆಲವರ ಅಂತರಂಗದ ಬಾಗಿಲು ಬರವಣಿಗೆಯ ಮೂಲಕವೇ ತೆರೆಯುತ್ತದೆ. ಪ್ರಿಯ ವಾಚಕರೇ, ಈ ಮಾತಿಗೆ ನನ್ನ ಮಿತ್ರರೊಬ್ಬರ ಸಂಗತಿಯನ್ನು ತಮ್ಮ ಮುಂದಿಡಬಯಸುತ್ತೇನೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಊರು; ಗುಡ್ಡದ ಮೇಲೆ ಹಳೆಯ ಕೋಟೆ, ಸುತ್ತಿನಲ್ಲಿ ಗದ್ದೆ ಮತ್ತು ಅಡಿಕೆ ತೋಟಗಳು. ನನ್ನ ಮಿತ್ರರು ಅಲ್ಲಿಯ ಕೃಷಿಕರು. ಬಾಲ್ಯದಲ್ಲಿ ನಾವಿಬ್ಬರೂ ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರು. ನಾನು ಕನ್ನಡ ಉಪಾಧ್ಯಾಯನಾದೆ. ಅವರು ತಂದೆಯ ಹೊಲಮನೆಗೆ ಮರಳಿದರು. ಮಿತಭಾಷಿ, ವ್ಯವಹಾರದಲ್ಲಿ ಬಲು ಕಟ್ಟುನಿಟ್ಟು. ಅವರ ಲೆಕ್ಕ ತಪ್ಪುವುದಿಲ್ಲವೆಂದು ಊರಿನವರೇ ಹೇಳುತ್ತಾರೆ.

೨೦೧೬-೧೭ರ ಬರಗಾಲ ನಮ್ಮ ಸೀಮೆಯವರ ನೆನಪಿನಿಂದ ಮಾಸಿಲ್ಲ. ಕೊಳವೆಬಾವಿಗಳು ಬತ್ತಿಹೋಗಿ, ರೈತರು ಟ್ಯಾಂಕರುಗಳಲ್ಲಿ ನೀರು ತರಿಸಿ ಅಡಿಕೆ ಮರಗಳ ಜೀವ ಹಿಡಿಯಲು ಹೆಣಗಿದ ದಿನಗಳವು. ಮರ ಒಣಗಿದರೆ ಹೊಸ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು. ನನ್ನ ಮಿತ್ರರಿಗೆ ಎರಡು ತೋಟಗಳಿದ್ದವು. ಹಳೆಯದರ ಇಳುವರಿ ಇಳಿಮುಖವಾಗಿತ್ತು; ಹೊಸದು ತುಂಬು ಫಸಲಿಗೆ ಬಂದಿತ್ತು. ಕೊಂಡ ನೀರು ಒಂದಕ್ಕೆ ಮಾತ್ರ ಸಾಲುತ್ತಿತ್ತು. ಅವರು ಹಳೆಯ ತೋಟಕ್ಕೆ ನೀರುಣಿಸಿ ಹೊಸದನ್ನು ಒಣಗಲು ಬಿಟ್ಟರು. ಲೆಕ್ಕ ಬಲ್ಲವರು ಹೀಗೇಕೆ ಮಾಡಿದರೆಂದು ಊರೆಲ್ಲ ಆಡಿಕೊಂಡಿತು. “ಹಳೇ ಮರ, ಬೇರು ಗಟ್ಟಿ” ಎಂದಷ್ಟೇ ಅವರು ಉತ್ತರಿಸುತ್ತಿದ್ದರು.

ಕೆಲವು ವರ್ಷಗಳ ತರುವಾಯ ಅವರು ಅಡಿಕೆ ಲೆಕ್ಕದ ಒಂದು ಪುಸ್ತಕವನ್ನು ನನ್ನ ಕೈಗಿತ್ತು, “ಹಿಂದಿನ ಹಾಳೆಗಳಲ್ಲಿ ಏನೋ ಗೀಚಿದೀನಿ. ಕಾಗುಣಿತ ನೋಡಿಕೊಡು ಮಾರಾಯ” ಎಂದರು. ಅದೊಂದು ಕಥೆ. ಬರಗಾಲದ ಒಬ್ಬ ರೈತ. ಟ್ಯಾಂಕರು ಹಿಂದಿರುಗಿದ ರಾತ್ರಿ, ಬ್ಯಾಟರಿ ಹಿಡಿದು, ತಾನು ನೀರು ಕೊಡದ ಮರಗಳ ನಡುವೆ ನಡೆಯುತ್ತಾನೆ. ಒಂದೊಂದರ ಬುಡವನ್ನೂ ಮುಟ್ಟಿ ಕ್ಷಮೆ ಬೇಡುತ್ತಾನೆ. ನೀರುಂಡ ಹಳೆಯ ತೋಟದ ಸಸಿಗಳಿಗೆ, ಮದುವೆಯಾದ ವರ್ಷದ ಬೇಸಿಗೆಯಲ್ಲಿ ಅವನ ಹೆಂಡತಿ ಕೊಡ ಹೊತ್ತು ನೀರೆರೆದಿದ್ದಳು. ಈಗ ಆಕೆ ಇಲ್ಲ. ಪರಊರಿನ ಮಗ ಫೋನಿನಲ್ಲಿ “ಲೆಕ್ಕ ಹಾಕಿ ನೋಡಿದ್ಯಾ ಅಪ್ಪಾ?” ಎಂದು ಕೇಳುತ್ತಾನೆ. “ಹಾಕಿದೀನಿ ಕಣಪ್ಪಾ” ಎನ್ನುತ್ತಾನೆ ರೈತ. ಕಥೆ ಅಲ್ಲಿಗೆ ಮುಗಿಯುತ್ತದೆ.

ಮಿತ್ರರ ಧರ್ಮಪತ್ನಿ ಲಿಂಗೈಕ್ಯರಾದ ದಿನ ನಾನು ಅಲ್ಲಿದ್ದೆ. ಬಂದವರಿಗೆ ನೆರಳು, ನೀರು, ಊಟದ ಏರ್ಪಾಟು ನೋಡುತ್ತ ಅವರು ಸಂಜೆಯವರೆಗೂ ಓಡಾಡಿದರು. ಕಣ್ಣಲ್ಲಿ ಹನಿ ಕಾಣಲಿಲ್ಲ. ಅಂದು ಹರಿಯದ ಕಣ್ಣೀರು ಎಲ್ಲಿ ನಿಂತಿತ್ತೆಂಬುದು ಆ ಹಾಳೆಗಳನ್ನು ಓದಿದಾಗ ನನಗೆ ತಿಳಿಯಿತು. ಕಾಗುಣಿತ ತಿದ್ದಿ ಪುಸ್ತಕವನ್ನು ಹಿಂದಿರುಗಿಸಿದೆ. “ಬಹಳ ಚೆನ್ನಾಗಿ ಬರೆದಿದ್ದೀಯ, ಇನ್ನೂ ಬರಿ” ಎಂದೆನೇ ಹೊರತು ಬೇರೇನನ್ನೂ ಕೇಳಲಿಲ್ಲ. ಕಥೆಯೆಂಬ ತೆರೆಯ ಮರೆಯಲ್ಲಿ ಹೇಳಿಕೊಂಡುದನ್ನು ಮಾತಿನ ಬಯಲಿಗೆ ಎಳೆಯುವುದು ಮಿತ್ರಧರ್ಮವಲ್ಲ.

ಈ ಪ್ರಸಂಗದಿಂದ ನನಗೆ ಹಲಸಂಗಿಯ ಗೆಳೆಯರ ಸ್ಮರಣೆಯಾಗುತ್ತದೆ. ವಿಜಯಪುರ ಜಿಲ್ಲೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಕೂಡಿ ಸಾಹಿತ್ಯವನ್ನು ಬಾಳಿನ ಭಾಗವಾಗಿಸಿಕೊಂಡಿದ್ದರು. ೧೯೩೧ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಅವರ ಶ್ರಮದ ಫಲ. ತವರಿನ ಹಂಬಲ, ಅಣ್ಣತಮ್ಮಂದಿರ ಮೇಲಿನ ಮಮತೆ, ಮಕ್ಕಳಿಲ್ಲದವಳ ಅಳಲು ಇವೆಲ್ಲ ಬೀಸುವ ಕಲ್ಲಿನ ಮುಂದೆ ತ್ರಿಪದಿಗಳಾಗಿ ಹೊಮ್ಮಿದ್ದವು. ಮನೆಯವರ ಮುಂದೆ ಮಾತಾಗಿ ಬಾರದ್ದು ಹಾಡಾಗಿ ಬಂದಿತ್ತು. ಮಧುರಚೆನ್ನರೇ ತಮ್ಮ ಆತ್ಮಶೋಧನೆಯ ತೊಳಲಾಟವನ್ನು ‘ಕಾಳರಾತ್ರಿ’, ‘ಬೆಳಗು’ ಎಂಬ ಗದ್ಯಕೃತಿಗಳಲ್ಲಿ ತೆರೆದಿಟ್ಟರು. ಇನ್ನೂ ಹಿಂದಕ್ಕೆ ಹೋದರೆ, ನೆರೆಯವರಿಗೆ ಅಕ್ಕಿ ಆಯುವ ದಂಪತಿಗಳ ಮನೆಯವಳಾಗಿ ಕಂಡ ಲಕ್ಕಮ್ಮನ ಹಿರಿಮೆಯನ್ನು ಇಂದು ನಾವು ಅರಿಯುವುದು ಆಕೆಯ ವಚನಗಳಿಂದಲ್ಲವೇ?

ಮಠದ ಆಶ್ರಯದಲ್ಲಿ ಕಲಿತ ನಮ್ಮಲ್ಲಿ ಅನೇಕರು ಈಗ ತಲೆ ನರೆತವರು. ತಮ್ಮ ಸಹಪಾಠಿಗಳಲ್ಲಿ ಎಷ್ಟು ಮಂದಿಯ ಪೆಟ್ಟಿಗೆಯಲ್ಲಿ ಇಂತಹ ಪುಸ್ತಕಗಳಿರಬಹುದು! ಯಾರಾದರೂ ಸಂಕೋಚದಿಂದ, ಕಾಗುಣಿತದ ನೆಪ ಹೇಳಿ, ನಾಲ್ಕು ಹಾಳೆಗಳನ್ನು ತಮ್ಮ ಕೈಗಿತ್ತರೆ ದಯವಿಟ್ಟು “ಆಮೇಲೆ ನೋಡೋಣ” ಎನ್ನಬೇಡಿರಿ. ಅಂದೇ ದೀಪದ ಬಳಿ ಕುಳಿತು ಕೊನೆಯವರೆಗೆ ಓದಿರಿ. ಅವರು ಕಾಗುಣಿತಕ್ಕಿಂತ ಹೆಚ್ಚಿನದನ್ನೇ ತಮ್ಮಲ್ಲಿ ನಂಬಿ ಒಪ್ಪಿಸಿರುತ್ತಾರೆ.