ಹೆಗಲ ಮೇಲಿನ ಪೆಟ್ಟಿಗೆ

ಜೈನಾಪುರದಿಂದ ವಿಜಯಪುರಕ್ಕೆ ಗಿಟಾರು ನುಡಿಸಲು ಹೊರಟರೆ, 20 ಕಿಲೋ ತೂಗುವ ಆಂಪ್ಲಿಫೈಯರೂ ಜೊತೆಗೆ ಹೊರಡಬೇಕು. ಬಸ್ಸಿನ ಕಂಡಕ್ಟರು ನನಗಿಂತ ಮೊದಲು ಅದಕ್ಕೇ ಟಿಕೇಟು ಹರಿಯುತ್ತಾನೆ! ಈಚೆಗೆ ಬೆನ್ನು ಮುಷ್ಕರ ಹೂಡಿತು. ಗಿಟಾರು ಬಿಡುವುದೋ, ಪೆಟ್ಟಿಗೆ ಬಿಡುವುದೋ?

ಅಂಗೈಯಗಲದ ಪ್ರಿಆಂಪ್ ಪೆಡಲು ನೋಡಲು ಹೋದೆ. ಗಿಟಾರಿನ ವಯರನ್ನು ಅದಕ್ಕೆ, ಅದರ ವಯರನ್ನು ಮೈಕಿನವರ ಮಿಕ್ಸರಿಗೆ ಸಿಕ್ಕಿಸಿದರಾಯಿತು. ಮೊದಲನೆಯದು ದುಂಬಿಯಂತೆ ಕಿವಿ ಕೊರೆಯಿತು. ಸುಮಾರು 5,000 ಹರ್ಟ್ಸಿನಿಂದಾಚೆಯ ಕರ್ಕಶವನ್ನು ಗಿಟಾರಿನ ಸ್ಪೀಕರು ತಾನೇ ನುಂಗಿಕೊಳ್ಳುತ್ತದೆಯಂತೆ. ಇಷ್ಟು ವರ್ಷದ ಆ ಉಪಕಾರ ನನಗೆ ತಿಳಿದೇ ಇರಲಿಲ್ಲ. ಹಾಗೆ ಸೋಸುವ ಕೆಲಸವನ್ನೂ ಮಾಡುವ ಇನ್ನೊಂದು ಪೆಡಲನ್ನು ಆರಿಸಿದೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಅದರಲ್ಲೇ ನುಡಿಸಿದೆ. ಕೇಳಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನನಗೆ ಮಾತ್ರ ಬೆನ್ನ ಹಿಂದೆ ಯಾರೋ ಎದ್ದು ಹೋದಂತಾಯಿತು.

ಹಳೆಯ ಪೆಟ್ಟಿಗೆ ಈಗ ಪಡಸಾಲೆಯಲ್ಲಿದೆ. ಮಾರಿಬಿಡಿ ಎನ್ನುತ್ತಾಳೆ ಮನೆಯಾಕೆ. ಹೂಂ ಎನ್ನುತ್ತೇನೆ, ಎಂದು ದಿನವೂ ಧೂಳು ಒರೆಸುತ್ತೇನೆ.