ಕೊನೆಯ ಸಾಲು

ತಮ್ಮನ ಕುತ್ತಿಗೆಯ ಎಡಕ್ಕೆ ಅಡಕೆಯಷ್ಟು ಗಂಟು ಕಂಡದ್ದು 2016ರ ಶೇಂಗಾ ಸುಗ್ಗಿಯಲ್ಲಿ. ನೋವಿರಲಿಲ್ಲ. ಚೋರನೂರಿನಲ್ಲಿ ಎಲ್ಲರದೂ ಒಂದೇ ಮಾತು: "ಸೂಜಿ ಮುಟ್ಟಿಸಬ್ಯಾಡ್ರಿ ಟೀಚರ್, ಮೈಯೆಲ್ಲ ಹಬ್ಬತೈತಿ." ನಾನು ಬಿ.ಎ., ಬಿ.ಎಡ್. ಓದಿದವಳು. ಅವರ ಮಾತಿಗೆ ನಕ್ಕು ಅವನನ್ನು ನಗರಕ್ಕೆ ಕರೆದೊಯ್ದೆ.

ಅಲ್ಲಿ ತೆಳ್ಳನೆಯ ಸೂಜಿಯನ್ನು ಗಂಟಿಗೆ ಚುಚ್ಚಿ, ಸಿರಿಂಜಿನಲ್ಲಿ ಎಳೆದು, ಬಂದ ಹನಿಯನ್ನು ಗಾಜಿನ ಪಟ್ಟಿಗೆ ಸವರಿದರು. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡುವುದಕ್ಕೆ ಎಫ್.ಎನ್.ಎ.ಸಿ. ಎನ್ನುತ್ತಾರೆ. ಹೊಲಿಗೆಯಿಲ್ಲ, ಆಸ್ಪತ್ರೆಯಲ್ಲಿ ಮಲಗುವುದೂ ಇಲ್ಲ. ಕುತ್ತಿಗೆಯ ಗಂಟು ಕ್ಷಯದ್ದೋ, ಥೈರಾಯ್ಡಿನದೋ, ಬಾಯಿಯಿಂದ ಇಳಿದ ಕ್ಯಾನ್ಸರೋ ಎಂಬುದು ಬಹಳ ಸಲ ಇಷ್ಟರಿಂದಲೇ ತಿಳಿಯುತ್ತದೆ.

ವರದಿ ಇಂಗ್ಲಿಷಿನಲ್ಲಿತ್ತು. "ಏನ್ ಬರದಾರಕ್ಕ?" ಎಂದ ತಮ್ಮ. ಕದಿರಿನ ಆಕಾರದ ಕೋಶಗಳಿವೆ, ಕ್ಯಾನ್ಸರ್ ಎಂದು ಖಚಿತವಾಗಿ ಹೇಳಲಾಗದು ಎಂದಿತ್ತು. ಕೊನೆಯ ಸಾಲಿನಲ್ಲಿ, ಬಯಾಪ್ಸಿ ಮಾಡಿಸಿ ಎಂದಿತ್ತು. ಅದು ಎಲ್ಲರಿಗೂ ಬರೆಯುವ ವಾಡಿಕೆಯ ಮಾತೆಂದುಕೊಂಡೆ. "ಏನೂ ಇಲ್ಲಪ್ಪ" ಎಂದುಬಿಟ್ಟೆ.

ನಾಲ್ಕು ತಿಂಗಳಲ್ಲಿ ಅಡಕೆ ನಿಂಬೆಹಣ್ಣಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ದಪ್ಪ ಸೂಜಿಯಿಂದ ಎಳೆಯಂಥ ಮಾಂಸದ ತುಣುಕು ತೆಗೆದು ಪರೀಕ್ಷಿಸಿದರು. ಸಾರ್ಕೋಮಾ. ಚರ್ಮ, ಬಾಯಿಯ ಒಳಪದರಗಳಿಂದಲ್ಲ, ಮಾಂಸಖಂಡ, ಕೊಬ್ಬು, ನರದ ಹೊದಿಕೆ, ಮೂಳೆಗಳಿಂದ ಹುಟ್ಟುವ ಕ್ಯಾನ್ಸರು. ತಲೆ-ಕುತ್ತಿಗೆಯ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರ ಆಸುಪಾಸು ಮಾತ್ರ ಈ ಜಾತಿಯವು.

ಮೊದಲ ಸೂಜಿ ಸುಳ್ಳು ಹೇಳಿತೇ ಎಂದು ವೈದ್ಯರನ್ನು ಕೇಳಿದೆ. ಇಲ್ಲ ಎಂದರು. ಕದಿರಿನಂಥ ಕೋಶಗಳು ನಿರಪಾಯದ ಗಂಟುಗಳಲ್ಲೂ ಇರುತ್ತವೆ. ಬಿಡಿ ಕೋಶಗಳನ್ನಷ್ಟೇ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ. ಕೋಶಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಮಾಂಸದ ತುಣುಕಿನಲ್ಲಿ ಕಾಣುತ್ತದೆ. ನನಗೆ ಮಂಡಿಯ ವ್ಯಾಪಾರಿಗಳ ನೆನಪಾಯಿತು. ಚೀಲಕ್ಕೆ ಚುಚ್ಚಿ ತೆಗೆದ ಹಿಡಿ ಜೋಳ ಕಾಳಿನ ಗುಣ ಹೇಳೀತು. ಪೈರು ಹೊಲದಲ್ಲಿ ಹೇಗೆ ನಿಂತಿತ್ತೆಂದು ಹೇಳದು. ಸೂಜಿ ತನಗೆ ಗೊತ್ತಿದ್ದಷ್ಟು ಹೇಳಿ, ಮುಂದಿನ ದಾರಿಯನ್ನೂ ತೋರಿಸಿತ್ತು.

ಶಸ್ತ್ರಚಿಕಿತ್ಸೆಯಾಯಿತು, ವಿಕಿರಣವೂ ಆಯಿತು. ತಮ್ಮ ಬದುಕಿದ್ದಾನೆ, ಹೊಲಕ್ಕೂ ಹೋಗುತ್ತಾನೆ. ಎಡಗೈ ಮಾತ್ರ ಹೆಗಲಿನಿಂದ ಮೇಲೆ ಏಳದು. ಊರವರು ಇವತ್ತಿಗೂ ಸೂಜಿಯನ್ನೇ ಬೈಯುತ್ತಾರೆ. ಸೂಜಿಯ ತಪ್ಪಲ್ಲ, ಓದಿದವಳ ತಪ್ಪು ಎಂದು ನಾನೇ ಹೇಳುತ್ತೇನೆ.

ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದಿರೆಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ಆ ನಾಲ್ಕು ತಿಂಗಳು ಉಳಿದಿದ್ದರೆ ತಮ್ಮನ ಕೈಯೂ ಉಳಿಯುತ್ತಿತ್ತೇ? ವೈದ್ಯರನ್ನು ಅದೊಂದನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.